ಷಟರ್ ಎಳೆದ ಗೋದಾಮಿನಲ್ಲಿ

ಎರಡು ವರ್ಷದ ಹಿಂದಿನ ಮಾತು. ಸಂಕ್ರಾಂತಿ ಮುಗಿದು ಒಂದು ವಾರವಾಗಿತ್ತು, ಹತ್ತಿ ಸೀಜನ್ ಜೋರಾಗಿತ್ತು. ರಾಯಚೂರಿನ ಹೊರಗಿನ ಒಂದು ಜಿನ್ನಿಂಗ್ ಮಿಲ್ಲಿನಲ್ಲಿ ನಾನು ಕಂಪ್ಯೂಟರ್ ಕೆಲಸಕ್ಕಿದ್ದೆ. ನಮ್ಮದು ಮಾನ್ವಿ. ಅಪ್ಪ ಇಲ್ಲ, ಅವ್ವ ಮನೆಯಲ್ಲೇ ಜಂಪರ್ ಹೊಲಿಯುತ್ತಾಳೆ. ಬಿ.ಕಾಂ. ಮುಗಿಸಿ ಎರಡು ವರ್ಷ ಖಾಲಿ ಕೂತಿದ್ದೆ. ಹಾಗಾಗಿ ಈ ಕೆಲಸ ಸಿಕ್ಕಾಗ ನಮ್ಮ ಓಣಿಯ ತುಂಬ ಪೇಢೆ ಹಂಚಿದ್ದಳು ಅವ್ವ. ಬೆಳಿಗ್ಗೆ ಮಾನ್ವಿಯಿಂದ ಬಸ್ಸು ಹತ್ತಿ ಬಂದು, ಹತ್ತಿ ತುಂಬಿದ ಲಾರಿಗಳ ತೂಕ ಹೊಡೆದು ಚೀಟಿ ಕೊಡುವುದು, ಸಂಜೆ ಬಸ್ಸಿಗೆ ವಾಪಸ್ಸಾಗುವುದು. ಅಷ್ಟೇ ನನ್ನ ದಿನ.

ಒಳಗೆ ಯಂತ್ರಗಳ ಹತ್ತಿರ ಇಪ್ಪತ್ತರ ಆಸುಪಾಸು ಹೆಂಗಸರು ಕೆಲಸ ಮಾಡುತ್ತಿದ್ದರು. ಗುಂಜಹಳ್ಳಿ, ಗಿಲ್ಲೆಸುಗೂರು ಕಡೆಯಿಂದ ಬರುವವರು ಕೆಲವರು. ಉಳಿದವರು ದೇವದುರ್ಗದ ಹಳ್ಳಿಗಳಿಂದ ಬಂದು ರಾಯಚೂರಿನಲ್ಲೇ ತಗಡಿನ ಮನೆ ಹಿಡಿದವರು. ಹತ್ತಿಯಲ್ಲಿನ ಕಸ ಆರಿಸುವುದು, ಯಂತ್ರಕ್ಕೆ ಹತ್ತಿ ಕೊಡುವುದು, ಬೀಜ ಬಿಟ್ಟು ಬಂದ ಅರಳೆಯನ್ನು ಗೋದಾಮಿಗೆ ಹೊರುವುದು ಅವರ ಕೆಲಸ. ಮೂಗಿಗೆ ಸೆರಗು ಕಟ್ಟಿಕೊಂಡಿದ್ದರೂ ಸಂಜೆಗೆ ಅವರ ಹುಬ್ಬು, ಕೂದಲು ಎಲ್ಲ ಬೆಳ್ಳಗಾಗಿರುತ್ತಿತ್ತು. ನನ್ನನ್ನು ಅವರು ಕಂಪ್ಯೂಟರವ್ವ ಅನ್ನುತ್ತಿದ್ದರು. ಊಟದ ಹೊತ್ತಿಗೆ ಕರೆದು ಪಕ್ಕದಲ್ಲಿ ಕೂರಿಸಿಕೊಂಡು, ನನ್ನ ಡಬ್ಬಿಯ ಅನ್ನ ನೋಡಿ, "ಇಷ್ಟ ತಿಂದ್ರ ಆ ಕಂಪ್ಯೂಟರರ ಹೆಂಗ ಎತ್ತತೀ ಬೇ?" ಎಂದು ರೊಟ್ಟಿ ಹಾಕುತ್ತಿದ್ದರು. ರೊಟ್ಟಿ ಹಾಕುವವಳು ಯಾವಾಗಲೂ ಹುಲಿಗೆಮ್ಮ. ದೇವದುರ್ಗದ ಕಡೆಯವಳು. ಗಂಡ ತಿಮ್ಮಪ್ಪ ಗಂಜಿನಲ್ಲಿ, ಅಂದರೆ ಕಾಳಿನ ಮಾರುಕಟ್ಟೆಯಲ್ಲಿ, ಹಮಾಲಿ ಮಾಡುತ್ತಿದ್ದ.

ಹತ್ತಿಯ ಜೊತೆ ಸಣ್ಣ ಕಲ್ಲು, ಕಬ್ಬಿಣದ ಚೂರು ಬಂದಿರುತ್ತವೆ. ಅವು ಯಂತ್ರಕ್ಕೆ ಸಿಕ್ಕರೆ ಕಿಡಿ ಏಳುತ್ತದೆ. ಅರಳೆಗೆ ಬಿದ್ದ ಕಿಡಿ ಕೂಡಲೇ ಉರಿಯುವುದಿಲ್ಲ, ರಾಶಿಯ ಹೊಟ್ಟೆಯೊಳಗೆ ಸೇರಿ ಗಂಟೆಗಟ್ಟಲೆ ಸುಮ್ಮನೆ ಸುಡುತ್ತಿರುತ್ತದೆ. ನೀರು ಹಾಕಿದರೆ ರಾಶಿಯೇ ಹಾಳು. ಬಣ್ಣ ಕೆಟ್ಟ ಅರಳೆಯನ್ನು ಹೊರದೇಶದವರು ಮುಟ್ಟುವುದಿಲ್ಲ ಎಂದು ನಮ್ಮ ಮುಕಾದಮ ಶರಣಪ್ಪ ಬೈಯುತ್ತಿದ್ದ. ಮುಕಾದಮ ಅಂದರೆ ಆ ಹೆಂಗಸರನ್ನು ಕೆಲಸಕ್ಕೆ ತಂದವನೂ ಅವನೇ, ಮೇಲ್ವಿಚಾರಣೆಯೂ ಅವನದೇ. ಹಾಗಾಗಿ ಸುಟ್ಟ ವಾಸನೆ ಬಂದರೆ ಹೆಂಗಸರು ರಾಶಿಗೆ ಕೈ ಹಾಕಿ, ಕೆಂಪಗೆ ಸುಡುತ್ತಿರುವ ಉಂಡೆಯನ್ನು ಕಿತ್ತು, ಅಂಗಳಕ್ಕೆ ಓಡಿ ಒಗೆದುಬಿಡುತ್ತಿದ್ದರು. ಅಲ್ಲಿ ಅದು ಭಗ್ ಎಂದು ಹೊತ್ತಿ ತಾನಾಗಿಯೇ ಬೂದಿಯಾಗುತ್ತಿತ್ತು. ಹುಲಿಗೆಮ್ಮ ಹಾಗೆ ಓಡುವುದನ್ನು ನಾನು ಲಾರಿ ತೂಗುವ ಕಾಟಾದ ಕಿಟಕಿಯಿಂದ ನೋಡಿದ್ದೇನೆ. ಒಗೆದು ಬಂದು, ಅಂಗೈಗೆ ಉಗುಳು ಹಚ್ಚಿಕೊಂಡು ಮತ್ತೆ ಕೆಲಸಕ್ಕೆ ನಿಲ್ಲುತ್ತಿದ್ದಳು.

ಆ ಮಿಲ್ಲಿನಲ್ಲಿ ಇನ್ನೊಂದು ರೂಢಿ ಇತ್ತು. ಕಾರ್ಮಿಕ ಇಲಾಖೆಯ ಸಾಹೇಬರು ಬರುವ ದಿನ ಹೆಂಗಸರೆಲ್ಲ ಗೋದಾಮಿನೊಳಗೆ ಹೋಗಿ ಕೂರಬೇಕು. ಹೊರಗಿನಿಂದ ಷಟರ್ ಎಳೆದು ಕೀಲಿ ಹಾಕುತ್ತಿದ್ದರು. ಯಾಕೆಂದರೆ ಆ ಹೆಂಗಸರಲ್ಲಿ ಒಬ್ಬರ ಹೆಸರೂ ಮಿಲ್ಲಿನ ಹಾಜರಿಯಲ್ಲಿ ಇರಲಿಲ್ಲ. ಸಾಹೇಬರು ಬರುವುದು ಮೊದಲೇ ಗೊತ್ತಾಗುತ್ತಿತ್ತು. ಈಗ ಹಿಂದಿನ ಹಾಗೆ ದಿಢೀರನೆ ಬಂದು ಉದ್ಯಮದವರಿಗೆ ತೊಂದರೆ ಕೊಡುವಂತಿಲ್ಲ, ಹೇಳಿಯೇ ಬರಬೇಕು ಎಂದು ಶರಣಪ್ಪ ಹೆಮ್ಮೆಯಿಂದ ಹೇಳುತ್ತಿದ್ದ. ಸಾಹೇಬರು ಹೋದಮೇಲೆ ಗೇಟಿನ ವಾಚ್‌ಮನ್ ಸೀಟಿ ಊದುತ್ತಿದ್ದ. ಆಗ ಷಟರ್ ಏಳುತ್ತಿತ್ತು.

ಆ ದಿನ ಹನ್ನೊಂದರ ಸುಮಾರಿಗೆ ಶರಣಪ್ಪ ನನ್ನ ಟೇಬಲ್ಲಿನ ಹತ್ತಿರ ಬಂದ. "ಮೇಡಂ, ನೀವೂ ಒಳಗ ಹೋಗ್ರಿ."

"ನಾನ್ಯಾಕ್ರಿ?" ಅಂದೆ.

"ನಿಮ್ಮ ಹೆಸರೂ ಇಲ್ಲಲ್ರಿ. ಈ ಸಾಹೇಬ್ರು ಹೊಸಬ್ರು, ಏನರ ಕೇಳಿಗೀಳ್ಯಾರು. ಚಾ ಕುಡದು ಹೋಗೋತನ ಅಷ್ಟ."

ನನ್ನ ಹೆಸರೂ ಇಲ್ಲ ಎಂದು ನನಗೆ ತಿಳಿದದ್ದು ಆಗಲೇ. ನಗು ಬಂತು, ಒಳಗೊಳಗೆ ಅವಮಾನವೂ ಆಯಿತು. ಮೊಬೈಲನ್ನು ಚಾರ್ಜಿಗೆ ಹಾಕಿದ್ದೆ, ಅದನ್ನು ಅಲ್ಲೇ ಬಿಟ್ಟು ಹೋದೆ. ಹೆಂಗಸರ ಮೊಬೈಲುಗಳನ್ನು ಬೆಳಿಗ್ಗೆ ಗೇಟಿನಲ್ಲೇ ಇಸಿದುಕೊಂಡಿರುತ್ತಿದ್ದರು.

ಒಳಗೆ ಹೋದರೆ ಅಲ್ಲಿ ಹಬ್ಬದ ಹಾಗಿತ್ತು. ಹೆಂಗಸರು ಮೂಗಿನ ಸೆರಗು ಬಿಚ್ಚಿ, ಅರಳೆ ರಾಶಿಗೆ ಒರಗಿ, ಕಾಲು ಚಾಚಿ ಕೂತಿದ್ದರು. ನನ್ನನ್ನು ನೋಡಿ ಒಬ್ಬಳು, "ಬಾ ಬೇ ಕಂಪ್ಯೂಟರವ್ವಾ, ಓದಿದಾಕಿನೂ ಕಳ್ಳ ಮಾಲು ಆದಿ ನೋಡು" ಅಂದಳು. ಎಲ್ಲರೂ ನಕ್ಕರು. ಷಟರ್ ಕೆಳಗಿಳಿಯಿತು. ಕತ್ತಲಾಯಿತು. ಮೇಲೆ ತಗಡಿನ ಎರಡು ತೂತಿನಿಂದ ಬಿಸಿಲಿನ ಕೋಲು ಬೀಳುತ್ತಿತ್ತು. ಹೊರಗೆ ಕೀಲಿಯ ಸದ್ದು ಕೇಳಿತು.

"ಇಟ್ಕೊಂಡಾಕಿನ್ನ ಬೀಗರು ಬಂದಾಗ ಒಳಗ ಹಾಕತಾರಲ್ಲ, ಹಂಗಾತು ನಮ್ಮ ಬಾಳೇ" ಎಂದಳು ಹುಲಿಗೆಮ್ಮ.

"ಇಟ್ಕೊಂಡಾಕಿಗೆ ಸೀರೀನರ ತರತಾನಲ್ಲೇ ಯವ್ವಾ" ಎಂದು ಇನ್ನೊಬ್ಬಳು. ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಜೋರಾಗಿ ನಗುವಂತಿರಲಿಲ್ಲ.

ಸ್ವಲ್ಪ ಹೊತ್ತಿಗೆ ನನ್ನ ಗಂಟಲು ಕೆರೆಯಿತು. ಧೂಳಿಗೆ ಇರಬೇಕು ಅಂದುಕೊಂಡೆ. ಆಮೇಲೆ ಬಟ್ಟೆ ಸುಟ್ಟಂಥ ವಾಸನೆ. ಮಾತಾಡುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಎದ್ದು ನಿಂತರು. ಬಿಸಿಲಿನ ಕೋಲಿನಲ್ಲಿ ಹೊಗೆ ಸುತ್ತುತ್ತಿರುವುದು ಕಾಣಿಸಿತು.

ನಾನು ಎದ್ದು ಹೋಗಿ ಷಟರ್ ಬಡಿದೆ. ಹಿಂದಿನಿಂದ ಯಾರೋ ನನ್ನ ಕೈ ಹಿಡಿದುಕೊಂಡರು. "ಬ್ಯಾಡ ಬೇ, ಸಾಹೇಬ್ರು ಹೊರಗ ಅದಾರ. ಸೀಟಿ ಊದಲಿ ತಡಿ. ಸೀಜನ್ ನಡುವ ಕೆಲಸ ಹೋದ್ರ ನಾವು ಎಲ್ಲಿಗೆ ಹೋಗೂನು?" ನಾನು ಕೈ ಬಿಡಿಸಿಕೊಂಡು ಮತ್ತೆ ಬಡಿದೆ. ಹೊರಗೆ ಹಾಜರಿಯಲ್ಲಿ ಹೆಸರಿದ್ದ ಗಂಡಸರು ಯಂತ್ರ ನಡೆಸುತ್ತಿದ್ದರು. ಷಟರಿನ ಆಚೆ ಹೆಜ್ಜೆ ಸಪ್ಪಳ, ಆಮೇಲೆ ಶರಣಪ್ಪನ ದನಿ, ಮೆಲ್ಲಗೆ: "ಸುಮ್ಮ ಕುಂದರ್ರಿ. ಸಾಹೇಬ್ರು ಏಳಾಕತ್ತಾರ, ಇನ್ನೊಂಚೂರು."

"ಬೆಂಕಿ ಬಿದ್ದದ್ರಿ ಒಳಗ" ಅಂದೆ.

"ಆರಸ್ರಿ ಮತ್ತ. ದಿನಾ ಆರಸೂದಿಲ್ಲೇನು" ಎಂದು ಹೆಜ್ಜೆಗಳು ದೂರ ಹೋದವು.

ಹುಲಿಗೆಮ್ಮ ಆಗಲೇ ರಾಶಿಯ ಹತ್ತಿರ ಹೋಗಿದ್ದಳು. ಮೂಸಿ ನೋಡುತ್ತ, ಅಂಗೈ ಇಟ್ಟು ಬಿಸಿ ನೋಡುತ್ತ, ಒಂದು ಕಡೆ ನಿಂತಳು. ಮೊಳಕೈತನಕ ಕೈ ಇಳಿಸಿ ಎಳೆದಳು. ಅವಳ ಕೈಯಲ್ಲಿ ದೊಡ್ಡ ಉಂಡೆ, ನಡುವೆ ಕೆಂಪು. ಗಾಳಿ ತಾಗಿದ ಕೂಡಲೇ ಅದು ಉರಿಯಿತು. ರೂಢಿಯಂತೆ ಅವಳು ತಿರುಗಿ ಅಂಗಳದ ಕಡೆ ಓಡಿದಳು. ಷಟರ್ ಮುಂದೆ ಬಂದು ನಿಂತಳು. ಅಂಗಳ ಆ ಕಡೆ ಇತ್ತು.

ಆ ಕ್ಷಣ ನನ್ನ ಕಣ್ಣ ಮುಂದೆ ಈಗಲೂ ನಿಂತೇ ಇದೆ. ಉರಿಯುವ ಹತ್ತಿ ಹಿಡಿದು ಅವಳು ಷಟರಿಗೆ ಬೆನ್ನು ಮಾಡಿ ತಿರುಗಿ ಎಡಕ್ಕೆ ನೋಡಿದಳು, ಅರಳೆ. ಬಲಕ್ಕೆ ನೋಡಿದಳು, ಅರಳೆ. ಎದುರಿಗೆ ನಾವು, ಒಬ್ಬರಿಗೊಬ್ಬರು ಅಂಟಿಕೊಂಡು ನಿಂತವರು. ಒಗೆಯಲು ಜಾಗ ಇರಲಿಲ್ಲ. ಅವಳು ಅದನ್ನು ಒಗೆಯಲಿಲ್ಲ. ಮೂಲೆಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತು, ಎರಡೂ ಕೈಯಿಂದ ಅದನ್ನು ನೆಲಕ್ಕೆ ಒತ್ತಿ ಹಿಡಿದಳು. ಅವಳ ಸೆರಗಿಗೆ ಉರಿ ಹತ್ತಿದ್ದನ್ನು ನಾವೇ ಮೊದಲು ನೋಡಿದೆವು.

ಆಗ ಎಲ್ಲರೂ ಕೂಗಿದರು. ನನ್ನ ಕೈ ಹಿಡಿದು ತಡೆದಿದ್ದವಳೂ ಕೂಗಿದಳು. ಇಬ್ಬರು ಹೋಗಿ ಹುಲಿಗೆಮ್ಮನ ಸೀರೆ ಎಳೆದು ಹಾಕಿದರು, ಉಳಿದವರು ಷಟರಿಗೆ ಮೈ ಕೊಟ್ಟು ಗುದ್ದಿದರು. ಎಷ್ಟು ಹೊತ್ತು ಎಂದು ನನಗೆ ಹೇಳಲು ಬರುವುದಿಲ್ಲ. ಅವಳು ಉಂಡೆ ಎಳೆದ ತೂತಿನಿಂದ ಗಾಳಿ ಹೋಗಿ ರಾಶಿಯ ಇನ್ನೊಂದು ಕಡೆ ಹೊಗೆ ದಟ್ಟವಾಗಿತ್ತು. ನಾನು ನೆಲಕ್ಕೆ ಬಿದ್ದು ಷಟರಿನ ಕೆಳಗಿನ ಸಂದಿಗೆ ಮೂಗು ಇಟ್ಟುಕೊಂಡಿದ್ದೆ. ಆ ಸಂದಿಯಿಂದ ನನಗೆ ಕಾಣುತ್ತಿದ್ದದ್ದು ಒಂದು ಬಿಳಿ ಕಾರಿನ ಗಾಲಿ, ಕಪ್ಪು ಬೂಟು. ಬೂಟು ಸ್ವಲ್ಪ ಹೊತ್ತು ನಮ್ಮ ಕಡೆ ತಿರುಗಿ ನಿಂತಿತು. ಆಮೇಲೆ ಕಾರಿನೊಳಗೆ ಹೋಯಿತು.

ಷಟರ್ ಎದ್ದಾಗ ಕಾರು ಇನ್ನೂ ಗೇಟು ದಾಟಿರಲಿಲ್ಲ. ಕೆಮ್ಮುತ್ತ, ಉಗುಳುತ್ತ ಇಪ್ಪತ್ತು ಹೆಂಗಸರು ಹಗಲು ಬೆಳಕಿನಲ್ಲಿ ಅಂಗಳಕ್ಕೆ ಬಿದ್ದೆವು. ಕಾರಿನ ಗಾಜು ಮೇಲೇರುವುದು ಕಂಡಿತು. ವಾಚ್‌ಮನ್ ಸೆಲ್ಯೂಟ್ ಹೊಡೆದು ಗೇಟು ಹಾಕಿ, ರೂಢಿಯಂತೆ ಸೀಟಿ ಊದಿದ.

ಗಂಡಸರು ಬಂದು ನೀರಿನ ಪೈಪು ಹಿಡಿದು ಬೆಂಕಿ ಆರಿಸಿದರು. ಆ ಹೊತ್ತಿಗೆ ನೀರಿಗೆ ಯಾರೂ ಬೇಡ ಅನ್ನಲಿಲ್ಲ.

ಹುಲಿಗೆಮ್ಮನನ್ನು ಮಿಲ್ಲಿನ ಟಾಟಾ ಏಸ್‌ನಲ್ಲಿ ಮಲಗಿಸಿಕೊಂಡು ದವಾಖಾನೆಗೆ ಹೊರಟೆವು. ಅವಳ ತಲೆ ನನ್ನ ತೊಡೆಯ ಮೇಲಿತ್ತು. ಎರಡೂ ಕೈ ಮೊಳಕೈತನಕ, ಎದೆಯ ಒಂದು ಬದಿ ಸುಟ್ಟಿತ್ತು. ಶರಣಪ್ಪ ಎದುರಿಗೆ ಕುಕ್ಕರಗಾಲಲ್ಲಿ ಕೂತು, ಮಗುವಿಗೆ ಪಾಠ ಹೇಳುವ ಹಾಗೆ ಹೇಳುತ್ತಿದ್ದ: "ಯಕ್ಕಾ, ಡಾಕ್ಟರ್ ಕೇಳಿದ್ರ ಮನ್ಯಾಗ ಅನ್ನು. ಚಾ ಕಾಸೂ ಮುಂದ ಸೆರಗಿಗೆ ಹತ್ತೇತಿ ಅನ್ನು. ಮಿಲ್ಲು ಅಂದ್ಯೋ, ಸೀಲ್ ಹಾಕತಾರ. ಇಷ್ಟೂ ಹೆಣ್ಮಕ್ಕಳು ಮನಿ ಹಿಡೀತಾರ. ದವಾಖಾನಿದು ಎಲ್ಲಾ ಸಾವ್ಕಾರ್ರು ನೋಡ್ಕೋತಾರ." ಅವನ ತಂಗಿಯೂ ಆ ದಿನ ಗೋದಾಮಿನಲ್ಲಿದ್ದಳು ಎಂದು ನನಗೆ ಆಮೇಲೆ ತಿಳಿಯಿತು.

ಹುಲಿಗೆಮ್ಮ ಕಣ್ಣು ಮುಚ್ಚಿಕೊಂಡೇ ಹೂಂ ಅಂದಳು. ದವಾಖಾನೆಯಲ್ಲಿ ಹಾಗೆಯೇ ಹೇಳಿದಳು. ನಾನು ಪಕ್ಕದಲ್ಲೇ ಇದ್ದೆ.

ಆ ಮಾತು ಹೇಳಿಸಿದವನಿಗಾಗಲಿ ಹೇಳಿದವಳಿಗಾಗಲಿ ಹೊಳೆಯದ ಒಂದು ವಿಷಯವಿತ್ತು. ಮದುವೆಯಾದ ಹೆಣ್ಣುಮಗಳು ಮನೆಯಲ್ಲಿ ಸುಟ್ಟುಕೊಂಡು ಬಂದರೆ ಪೊಲೀಸರು ಮೊದಲು ಹುಡುಕುವುದು ಗಂಡನನ್ನು. ಸುದ್ದಿ ತಿಳಿದು ತಿಮ್ಮಪ್ಪ ಗಂಜಿನಿಂದ ಓಡಿ ಬಂದ. ಹೆಗಲ ಮೇಲೆ ಇನ್ನೂ ಜೋಳದ ಚೀಲದ ಹೊಟ್ಟು ಇತ್ತು. ವಾರ್ಡಿನ ಬಾಗಿಲಲ್ಲೇ ಒಬ್ಬ ಪೇದೆ ಅವನ ರಟ್ಟೆ ಹಿಡಿದ.

"ಎಲ್ಲಿದ್ದೆಲೇ ಮಗನ, ಆಕಿ ಸುಡೂ ಮುಂದ?"

"ಗಂಜಿನಾಗ ಇದ್ನಿರೀ ಯಪ್ಪಾ. ಚೀಲ ಹೊರಾಕತ್ತಿದ್ದೆ. ಮಂದೀನ ಕೇಳ್ರಿ."

"ಎಲ್ಲಾರೂ ಹಂಗ ಅಂತಾರ. ನಡಿ."

ಹುಲಿಗೆಮ್ಮ ಹಾಸಿಗೆಯಿಂದ ಕೂಗಿಕೊಂಡಳು. "ಸಾಹೇಬ್ರ, ಅಂವ ಮನ್ಯಾಗ ಇದ್ದಿಲ್ರಿ. ಮನ್ಯಾಗ ಆಗಿಲ್ರಿ ಇದು. ಮಿಲ್ಲಿನಾಗ ಆಗೇದ."

ಪೇದೆ ಕೆಟ್ಟವನಂತೆ ಕಾಣಲಿಲ್ಲ. ಅನುಕಂಪದಿಂದಲೇ ಹೇಳಿದ: "ಯವ್ವಾ, ಒಂದ್ ತಾಸಿನ ಹಿಂದ ಮನಿ ಅಂದಿ. ಈಗ ಗಂಡನ್ನ ಉಳಸಾಕ ಮಿಲ್ಲು ಅಂತಿ. ನಿಮ್ಮಂಥಾವ್ರನ್ನ ದಿನಾ ನೋಡ್ತೀನಿ. ಹೊಡದ್ರೂ ಸುಟ್ರೂ ಗಂಡನ್ನ ಬಿಟ್ಟುಕೊಡಂಗಿಲ್ಲ ನೀವು."

ಮರುದಿನ ಬೆಳಿಗ್ಗೆ ನಾನು ಠಾಣೆಗೆ ಹೋದೆ. ಅವ್ವ ಬೇಡ ಅಂದಳು. ಆದರೂ ಹೋದೆ. ಗೋಡೆಯ ಪಕ್ಕ ತಿಮ್ಮಪ್ಪ ನೆಲದ ಮೇಲೆ ಕೂತಿದ್ದ, ಒಂದು ಕಣ್ಣು ಊದಿತ್ತು. ಸಬ್‌ಇನ್‌ಸ್ಪೆಕ್ಟರರು ನನಗೆ ಕುರ್ಚಿ ಕೊಟ್ಟರು. ನಾನು ಚೂಡಿದಾರ ಹಾಕಿದ್ದೆ, ಪದವಿ ಓದಿದವಳ ಹಾಗೆ ಮಾತಾಡಿದೆ, ಅದಕ್ಕಿರಬೇಕು. ಷಟರು, ಕೀಲಿ, ಹೊಗೆ, ಕಾರು ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿದರು. ಪೆನ್ನು ಮಾತ್ರ ಮುಟ್ಟಲಿಲ್ಲ.

"ನೀವು ಅಲ್ಲಿ ಕೆಲಸ ಮಾಡ್ತೀರೇನ್ರಿ?"

"ಹೌದ್ರಿ."

"ಹೆಸರು ಅದ ಏನು ಅಲ್ಲಿ?"

"ಇಲ್ರಿ" ಅಂದೆ.

"ನಿಮ್ಮ ಹೆಸರಿಲ್ಲ, ಆಕಿ ಹೆಸರಿಲ್ಲ, ಆ ಹೆಣ್ಮಕ್ಕಳು ಯಾರ ಹೆಸರೂ ಇಲ್ಲ. ಇಲ್ಲದೋರು ಸಾಕ್ಷಿ ಹೆಂಗ ಹೇಳ್ತೀರಿ ತಂಗಿ?" ಎಂದರು. ನನ್ನ ಎದುರಿಗೇ ಫೋನು ತೆಗೆದು ಮಿಲ್ಲಿನ ಮಾಲೀಕರಿಗೆ ಹಚ್ಚಿದರು. "ಸಾವ್ಕಾರ್ರ, ನಿಮ್ಮ ಹುಡುಗಿ ಒಬ್ಬಾಕಿ ಬಂದು ಕುಂತಾಳ ನೋಡ್ರಿ."

ಸಾವ್ಕಾರರು ಬಂದರು. ಕೆಲಸಕ್ಕೆ ಸೇರಿದ ನಾಲ್ಕು ತಿಂಗಳಲ್ಲಿ ನಾನು ಅವರನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಹಣೆಗೆ ವಿಭೂತಿ, ಬಿಳಿ ಅಂಗಿ, ಮೆತ್ತಗಿನ ಮಾತು. ಸಬ್‌ಇನ್‌ಸ್ಪೆಕ್ಟರರ ಜೊತೆ ಒಳಗಿನ ಕೋಣೆಗೆ ಹೋಗಿ ಬಂದರು. ಚಹಾ ಕುಡಿಯುವಷ್ಟು ಹೊತ್ತು, ಅಷ್ಟೇ. ಹೊರಗೆ ಬಂದವರು ತಿಮ್ಮಪ್ಪನ ಹೆಗಲ ಮೇಲೆ ಕೈ ಇಟ್ಟು, "ಏಳೋ ತಮ್ಮಾ, ಮನಿಗಿ ಹೋಗು. ನಾ ಹೇಳೀನಿ" ಅಂದರು.

ತಿಮ್ಮಪ್ಪ ಎದ್ದವನು ಮತ್ತೆ ಬಗ್ಗಿ ಅವರ ಎರಡೂ ಕಾಲು ಹಿಡಿದುಕೊಂಡ. ಬಿಡಲೇ ಇಲ್ಲ. ಅಳುತ್ತಿದ್ದ. "ನಿಮ್ಮ ಉಪಕಾರ ಮರಿಯಂಗಿಲ್ರಿ ಯಪ್ಪಾ" ಅನ್ನುತ್ತಿದ್ದ. ಪೇದೆಗಳು ನೋಡುತ್ತಿದ್ದರು. ಸಾವ್ಕಾರರು ಅವನ ತಲೆ ಸವರಿದರು.

ಹೊರಗೆ ಮೆಟ್ಟಿಲ ಮೇಲೆ ನನ್ನ ಕಡೆ ತಿರುಗಿದರು. ಸಿಟ್ಟು ಮಾಡಲಿಲ್ಲ. "ಭಾಳ ಹೆದರೀರವ್ವಾ ನೀವು. ನಾಕ್ ದಿನ ಮನ್ಯಾಗ ಇರ್ರಿ. ಮಾನ್ವ್ಯಾಗ ತಾಯಿ ಒಬ್ಬಾಕಿನ ಇರ್ತಾಳಲ್ಲ, ಬಸ್‌ಸ್ಟ್ಯಾಂಡ್ ಹಿಂದಿನ ಓಣ್ಯಾಗ?" ಎಂದರು. ನಮ್ಮ ಮನೆ ಎಲ್ಲಿದೆ ಎಂದು ನಾನು ಮಿಲ್ಲಿನಲ್ಲಿ ಯಾರಿಗೂ ಹೇಳಿರಲಿಲ್ಲ.

ಅಲ್ಲಿಂದಲೇ ಬಸ್ಸು ಹತ್ತಿ ಊರಿಗೆ ಬಂದೆ. ಮತ್ತೆ ಆ ಕಡೆ ಹೋಗಲಿಲ್ಲ. ಮೊಬೈಲನ್ನು ಶರಣಪ್ಪನೇ ಯಾರ ಕೈಯಲ್ಲೋ ಕಳಿಸಿಕೊಟ್ಟ. ಪೂರ್ತಿ ಚಾರ್ಜ್ ಆಗಿತ್ತು.

ಕೆಲಸದ ಹೆಂಗಸರು ಆಮೇಲೂ ಅಲ್ಲಿಗೇ ಹೋದರು. ಅವರಲ್ಲೊಬ್ಬಳು ಬಸ್ಸಿನಲ್ಲಿ ಸಿಕ್ಕಾಗ ಕೇಳಿದೆ, ಈಗಲೂ ಒಳಗೆ ಹಾಕುತ್ತಾರಾ ಅಂತ. "ಹಾಕತಾರ. ಆದ್ರ ಈಗ ಅರಳಿ ಗೋದಾಮಿಗೆ ಅಲ್ಲ, ಬೀಜದ್ದಕ್ಕ" ಅಂದಳು. ಬೀಜಕ್ಕೆ ಅಷ್ಟು ಬೇಗ ಬೆಂಕಿ ಹತ್ತುವುದಿಲ್ಲವಂತೆ. ಅವಳ ಮಾತಿನಲ್ಲಿ ಒಂದು ಸಮಾಧಾನವಿತ್ತು.

ಮೂರ್ನಾಲ್ಕು ತಿಂಗಳಾದ ಮೇಲೆ ಹುಲಿಗೆಮ್ಮನನ್ನು ನೋಡಲು ದೇವದುರ್ಗದ ಬಸ್ಸು ಹತ್ತಿದೆ. ಅವರು ರಾಯಚೂರಿನ ಮನೆ ಬಿಟ್ಟು ಊರಿಗೆ ಹೋಗಿದ್ದರು. ಊರ ಅಗಸಿ ಬಾಗಿಲಲ್ಲಿ ಮನೆ ಕೇಳಿದರೆ, ಕಟ್ಟೆಯ ಮೇಲಿದ್ದ ಮುದುಕ, "ಯಾವ ತಿಮ್ಮಪ್ಪ? ಹೆಂಡ್ತಿಗೆ ಬೆಂಕಿ ಹಚ್ಚಿದಾಂವೇನು?" ಅಂದ. ನಾನು ಹಾಗಲ್ಲ ಅಂದೆ. ಅವನು ನಕ್ಕು ದಾರಿ ತೋರಿಸಿದ.

ತಿಮ್ಮಪ್ಪ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದ. ಹುಲಿಗೆಮ್ಮನ ಬೆರಳುಗಳು ಅಂಟಿಕೊಂಡು ಮಡಿಚಲು ಬರುತ್ತಿರಲಿಲ್ಲ. ನೀರು ತರುವುದು, ಅಡಿಗೆ, ಅವಳ ತಲೆ ಬಾಚುವುದು ಎಲ್ಲ ಅವನೇ. "ನೋಡು ಕಂಪ್ಯೂಟರವ್ವಾ, ದೇವದುರ್ಗದ ನಕಾಶಿ ಬಡೀತಾನ" ಎಂದು ಅವಳು ಸೊಟ್ಟ ರೊಟ್ಟಿ ತೋರಿಸಿದಳು. ಅವನು ತಲೆ ಎತ್ತಲಿಲ್ಲ. ಬಾಗಿಲ ಮುಂದೆ ಹಾದುಹೋದ ಹೆಂಗಸೊಬ್ಬಳು ಒಳಗೆ ಇಣುಕಿ, ಜೊತೆಯವಳಿಗೆ ಕೇಳುವಂತೆಯೇ ಹೇಳಿದಳು: "ತಪ್ಪು ಮಾಡ್ಯಾನಲ್ಲ, ಅದಕ್ಕ ಸೇವಾ ಮಾಡಾಕತ್ತಾನ." ತಿಮ್ಮಪ್ಪನ ಕೈ ಒಂದು ಗಳಿಗೆ ನಿಂತು ಮತ್ತೆ ಹಿಟ್ಟಿಗೆ ಹೋಯಿತು.

"ಸಾವ್ಕಾರ್ರು ದೇವ್ರಂಥಾ ಮನಶ್ಯಾ. ಇಲ್ಲಂದ್ರ ಇಂವ ಇನ್ನಾ ಒಳಗ ಇರತಿದ್ದ" ಎಂದಳು ಹುಲಿಗೆಮ್ಮ, ಜೋರಾಗಿ. ತಿಮ್ಮಪ್ಪ ಕೊಡ ಎತ್ತಿಕೊಂಡು ನೀರಿಗೆ ಹೋದ ಮೇಲೆ ದನಿ ಇಳಿಸಿದಳು. "ಹಂಗ ಅಂದ್ರ ಅಂವಗ ನಿದ್ದಿ ಬರತದ ಬೇ. ಇಲ್ಲಾಂದ್ರ ಬಾಗಲ ಸಪ್ಪಳಾದ್ರ ಎದ್ದು ಕುಂದರತಾನ. ಮತ್ತ ಬಂದ್ರು ಅಂತಾನ."

ನಾನು ಹೊರಡಲು ಎದ್ದೆ. ಅವಳು ಆ ಗಟ್ಟಿ ಕೈಯಿಂದ ನನ್ನ ಕೈ ತಡೆದಳು.

"ಒಂದು ಕೇಳತೀನಿ. ನೀ ಓದಿದಾಕಿ, ಅವತ್ತ ಅಲ್ಲೇ ಇದ್ದಿ. ಅದನ್ನ ನಾ ಎಲ್ಲಿ ಒಗೀಬೇಕಿತ್ತ?"

ಬಸ್ಸಿಗೆ ಹೊತ್ತಾಯಿತು ಎಂದು ಬಂದುಬಿಟ್ಟೆ.

ಈಗ ಮಾನ್ವಿಯ ಒಂದು ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಮಧ್ಯಾಹ್ನ ಬಿಸಿಲಿಗೆಂದು ಮಾಲೀಕರು ಷಟರ್ ಅರ್ಧ ಎಳೆದರೆ, ನಾನು ಡಬ್ಬಿ ತೆಗೆದುಕೊಂಡು ಹೊರಗಿನ ಮೆಟ್ಟಿಲ ಮೇಲೆ ಕೂತು ಉಣ್ಣುತ್ತೇನೆ. ಸುಡು ಬಿಸಿಲಿನಲ್ಲಿ ಯಾಕೆ ಕೂತಿದ್ದೀ ಎಂದು ಅಕ್ಕಪಕ್ಕದವರು ನಗುತ್ತಾರೆ. ಅನ್ನ ಕಲಸುತ್ತ ನಾನು ಆ ಗೋದಾಮಿನೊಳಗೆ ಮತ್ತೆ ಹೋಗುತ್ತೇನೆ. ಎಡಕ್ಕೆ ಅರಳೆ, ಬಲಕ್ಕೆ ಅರಳೆ, ಎದುರಿಗೆ ನಾವು, ಹಿಂದೆ ಷಟರು. ಮೂಲೆ ಮೂಲೆ ಹುಡುಕುತ್ತೇನೆ. ಅವಳು ಅದನ್ನು ಒಗೆಯಬಹುದಾಗಿದ್ದ ಜಾಗ ನನಗೆ ಇನ್ನೂ ಸಿಕ್ಕಿಲ್ಲ.